ಒದೆಯದ ಎತ್ತು

ಎತ್ತಿಗೆ ಲಾಳ ಕಟ್ಟಬೇಕಾದರೆ ಮೊದಲು ಅದನ್ನು ನೆಲಕ್ಕೆ ಕೆಡವಬೇಕು. ಹೊಟ್ಟೆಗೆ ಹಗ್ಗ ಸುತ್ತಿ, ಕಾಲಿಗೆ ತೊಡರು ಹಾಕಿ ಜಗ್ಗಿದರೆ ಅಷ್ಟು ದೊಡ್ಡ ದೇಹ ಧಡ್ಡನೆ ಬೀಳುತ್ತದೆ. ಬಿದ್ದ ಕೂಡಲೇ ಕಾಲುಗಳನ್ನು ಸೇರಿಸಿ ಕಟ್ಟುತ್ತಾರೆ. ಒಬ್ಬರು ಕೊಂಬು ಹಿಡಿದು ಕುತ್ತಿಗೆಯನ್ನು ಮಣ್ಣಿಗೆ ಒತ್ತುತ್ತಾರೆ. ಎತ್ತು ಬುಸುಗುಡುತ್ತದೆ, ಬಾಯಲ್ಲಿ ನೊರೆ ಬರುತ್ತದೆ, ಕಣ್ಣು ಮೇಲಾಗುತ್ತದೆ. ಗೊತ್ತಿಲ್ಲದವರು ನೋಡಿದರೆ ಕೊಲ್ಲುತ್ತಿದ್ದಾರೆ ಅಂದುಕೊಳ್ಳುತ್ತಾರೆ.

ಶಿರಾದ ಯೂನುಸ್ ಮಾಮು ಈ ಕೆಲಸವನ್ನು ತಮ್ಮ ತಂದೆಯಿಂದ ಕಲಿತವರು. ಅವರು ನನ್ನ ಅಮ್ಮನ ತಮ್ಮ. ಹುಲಿಕುಂಟೆ ಕಡೆ ಎತ್ತು ಸಾಕುವವರು ಈಗ ಕಡಿಮೆ. ಆದರೆ ಸಾಕುವವರ ಫೋನಿನಲ್ಲೆಲ್ಲ ಮಾಮುವಿನ ನಂಬರ್ ಇತ್ತು. ಒಂದು ಎತ್ತೂ ಅವರನ್ನು ಒದ್ದಿರಲಿಲ್ಲ. ಮಾಮಿಯ ಹೆಸರು ಉಮ್ಮೆ ಹಾನಿ. ಅವರ ತಮ್ಮ ನಯಾಜ್ ಸೌದಿಯ ದಮ್ಮಾಮಿನಲ್ಲಿ ಕುದುರೆ ಲಾಯದಲ್ಲಿದ್ದಾನೆ. ನೀವೂ ಬನ್ನಿ ಎಂದು ಅವನು ಕರೆದಾಗಲೆಲ್ಲ ಮಾಮು ನಗುತ್ತಿದ್ದರು. "ಕುದುರೆ ನಿಂತುಕೊಂಡೇ ಲಾಳ ಹೊಡೆಸಿಕೊಳ್ಳುತ್ತೆ. ಅದೂ ಒಂದು ಕೆಲಸವಾ?" ಎನ್ನುತ್ತಿದ್ದರು. ಮನೆಯ ಮಾತು ಉರ್ದುವಿನಲ್ಲಿ ನಡೆಯುತ್ತದೆ, ನಾನು ಕನ್ನಡದಲ್ಲಿ ಬರೆದಿದ್ದೇನೆ.

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಹುಲಿಕುಂಟೆ ದಾರಿಯ ಹುಣಸೆಮರದ ಕೆಳಗೆ ದೊಡ್ಡಹನುಮಯ್ಯನವರ ಎತ್ತನ್ನು ಕೆಡವಿದ್ದರು. ಮುಂಗಾಲುಗಳ ಲಾಳ ಮುಗಿದಿತ್ತು. ಬಿಸಿಲಿಗೆ ಎತ್ತು ಏದುಸಿರು ಬಿಡುತ್ತಿತ್ತು. ನೀರು ತರುತ್ತೇನೆಂದು ಯಜಮಾನರು ಬೋರ್‌ವೆಲ್ ಕಡೆ ಹೋದರು. ಎತ್ತು ಏಳದಿರಲೆಂದು ಮಾಮು ಒಬ್ಬರೇ ಅದರ ಕುತ್ತಿಗೆಯ ಮೇಲೆ ಮಂಡಿಯೂರಿ ಕೂತರು. ಗೊರಸು ಸವರುವ ಬಾಗಿದ ಚಾಕು ಕೈಯಲ್ಲೇ ಇತ್ತು.

ಆಗ ಬೈಕುಗಳು ಬಂದು ನಿಂತವು. ಬಂದವರು ಎಷ್ಟು ಜನ ಎಂಬುದರಲ್ಲಿ ಮಾಮುವಿನ ಮಾತಿಗೂ ಯಜಮಾನರ ಮಾತಿಗೂ ಹೊಂದುವುದಿಲ್ಲ. ಹಾಗಾಗಿ ನಾನು ಸಂಖ್ಯೆ ಬರೆಯುವುದಿಲ್ಲ.

"ಏನ್ಲಾ ಮಾಡ್ತಿದ್ದೀಯ, ರೋಡ್ ಮಗ್ಗುಲಲ್ಲೇ?"

"ಲಾಳ ಕಟ್ತಿದೀನಿ ಕಣಪ್ಪ."

"ಕತ್ತಿನ ಮ್ಯಾಲೆ ಕುಂತ್ಕೊಂಡಾ? ಹೆಸ್ರೇನ್ಲಾ ನಿಂದು?"

ಮಾಮು ಹೆಸರು ಹೇಳಿದರು. ಮೊದಲ ಏಟು ಹೆಲ್ಮೆಟ್ಟಿನಿಂದ, ಕಿವಿಯ ಮೇಲೆ ಬಿತ್ತು. ಮಾಮು ಎತ್ತಿನ ಮೇಲೇ ಉರುಳಿದರು. ಒಬ್ಬ ಅವರ ಹೊಟ್ಟೆಗೆ ಒದ್ದ. ಇನ್ನೊಬ್ಬ ಚಾಕು ಹಿಡಿದಿದ್ದ ಬಲಗೈಯನ್ನು ಶೂಗಾಲಿನಿಂದ ಮೆಟ್ಟಿ ಕಲ್ಲು ಎತ್ತಿಹಾಕಿದ. ಎರಡು ಬೆರಳು ಅಲ್ಲೇ ಜಜ್ಜಿಹೋದವು. ಮಾಮು ಎಡಗೈಗೆ ಸಿಕ್ಕ ಸುತ್ತಿಗೆ ಬೀಸಿದರು. ಅದು ಒಬ್ಬನ ಮಂಡಿಗೆ ತಗುಲಿ ಅವನು ಕೂಗಿಕೊಂಡು ಕುಸಿದ. ಆಮೇಲೆ ಉಳಿದವರಿಗೆ ತಡೆಯೇ ಇರಲಿಲ್ಲ. ಬಾಯಿಗೆ ಒದ್ದರು, ಬೆನ್ನಿಗೆ ಒದ್ದರು, ಹಲ್ಲು ಮಣ್ಣಿಗೆ ಬಿತ್ತು. "ಇಷ್ಟ ಇಲ್ದಿದ್ರೆ ದೇಶ ಬುಟ್ಟು ಹೋಗಲೇ" ಎಂದು ಪ್ರತಿ ಏಟಿಗೂ ಹೇಳುತ್ತಿದ್ದರು. ಪಕ್ಕದಲ್ಲೇ ಎತ್ತು ಕಾಲು ಕಟ್ಟಿಸಿಕೊಂಡು ಬಿದ್ದಲ್ಲೇ ಅರಚುತ್ತಿತ್ತು.

ದೊಡ್ಡಹನುಮಯ್ಯನವರು ಓಡಿಬಂದು ನೀರಿನ ಬಕೆಟ್ಟನ್ನೇ ಅವರ ಮೇಲೆ ಎಸೆದರು. "ನನ್ನ ಎತ್ತು ಕಣ್ರೋ ಅದು. ಕಾಲು ನೋಡ್ರೋ, ಕಾಲು."

ಅವರು ನೋಡಿದರು. ಮುಂಗಾಲಿನಲ್ಲಿ ಹೊಸ ಲಾಳ ಹೊಳೆಯುತ್ತಿತ್ತು.

"ಅಂಗಂತ ಮೊದ್ಲೇ ಹೇಳ್ಬಾರ್ದಾ?" ಎಂದ ಒಬ್ಬ. ಮಂಡಿ ಒಡೆದವನನ್ನು ಬೈಕಿನ ಮೇಲೆ ಕೂರಿಸಿಕೊಂಡು ಹೋದರು.

ಕೇಸು ಎರಡೂ ಕಡೆ ಆಯಿತು. ಹೊಡೆದದ್ದಕ್ಕೆ ಅವರ ಮೇಲೆ, ಸುತ್ತಿಗೆ ಬೀಸಿದ್ದಕ್ಕೆ ಮಾಮುವಿನ ಮೇಲೆ. ಆಸ್ಪತ್ರೆಯ ಮಂಚದ ಮೇಲೆಯೇ ಮಾಮು ನಯಾಜನಿಗೆ ಫೋನ್ ಮಾಡಿಸಿದರು. "ವೀಸಾ ಕಳಿಸು" ಎಂದರು. ಇನ್ನು ಆ ಬೆರಳುಗಳು ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಕುದುರೆಗೆ ಹುಲ್ಲು ಹಾಕಲು ಎಡಗೈ ಸಾಕು ಎಂದ ನಯಾಜ್.

"ಈ ಊರು ಬಿಟ್ಟು ಇರೋಕಾಗುತ್ತಾ ನಿಮ್ಮ ಕೈಲಿ?" ಎಂದು ಮಾಮಿ ಕೇಳಿದರು.

"ಒದ್ದು ಒದ್ದು ಹೇಳಿದಾರಲ್ಲ, ಹೋಗು ಅಂತ. ಇಲ್ಲಿ ಇನ್ನೊಬ್ಬರಿಗೆ ಹೆಸರು ಹೇಳೋಕೆ ನನ್ನಿಂದಾಗಲ್ಲ."

ಆದರೆ ಪಾಸ್‌ಪೋರ್ಟು ಬರಲಿಲ್ಲ. ಕೇಸು ಇರುವವರೆಗೆ ಕಷ್ಟ ಎಂದರು ಪಾಸ್‌ಪೋರ್ಟ್ ಆಫೀಸಿನವರು. ಹುಲಿಕುಂಟೆ ಕಡೆಯ ಹಿರಿಯ ಮಹಾಲಿಂಗಯ್ಯನವರು ಎರಡೂ ಕೇಸು ಮುಗಿಯುವಂತೆ ರಾಜಿಯ ದಾರಿ ಹುಡುಕಿದರು. ಮಂಡಿ ಒಡೆದ ಹುಡುಗ ಬೈಕಿನಿಂದ ಬಿದ್ದ ಎನ್ನಬೇಕು. ಮಾಮುವನ್ನು ಎತ್ತು ಒದೆಯಿತು ಎನ್ನಬೇಕು. ಅದಕ್ಕೆ ಎತ್ತಿನ ಯಜಮಾನರೇ ಹೇಳಿಕೆ ಕೊಡಬೇಕು.

"ಆನೆ ಒದೀತು ಅಂತ ಬರೀರಿ, ಅದಕ್ಕೂ ಸೈನ್ ಹಾಕ್ತೀನಿ" ಎಂದರು ಮಾಮು.

ಮಾಮು, ಮಹಾಲಿಂಗಯ್ಯನವರು, ನಾನು ಮೂವರೂ ದೊಡ್ಡಹನುಮಯ್ಯನವರ ಹಟ್ಟಿಗೆ ಹೋದೆವು. ಮಾಮುವಿಗೆ ಬೈಕ್ ಹಿಡಿಯಲು ಆಗದ್ದರಿಂದ ಓಡಿಸಿದ್ದು ನಾನು. ಯಜಮಾನರು ಎಲ್ಲ ಕೇಳಿಸಿಕೊಂಡು ಅಡ್ಡಡ್ಡ ತಲೆ ಆಡಿಸಿದರು.

"ಆಗಾಕಿಲ್ಲ ಕಣಪ್ಪ."

"ಒಂದು ಮಾತು ತಾನೇ" ಎಂದರು ಮಹಾಲಿಂಗಯ್ಯನವರು. "ಎತ್ತಿಗೇನು ಮಾನ ಹೋಗ್ತದಾ?"

"ಒದೆಯೋ ಎತ್ತು ಅಂತ ಹೆಸ್ರು ಬಿದ್ರೆ ಯಾರ್ ಕಟ್ಕೊಂತಾರೆ ಅದನ್ನ? ನಾನ್ ಸತ್ತ ಮ್ಯಾಕೆ ಕಸಾಯಿಖಾನೆಗೇ ಹೋಗೋದು. ಹೊಡ್ದೋರು ಯಾರು ಅಂತ ಕೇಳ್ಲಿ, ಯಾವ ಕೋರ್ಟಲ್ಲಾದ್ರೂ ನಿಂತ್ಕೊಂಡು ಹೇಳ್ತೀನಿ. ಅದಕ್ಕೆ ಹೆದ್ರೋನಲ್ಲ ನಾನು."

"ನಂಗೆ ಸಾಕ್ಷಿ ಬ್ಯಾಡ ಯಜಮಾನ್ರೇ. ಪಾಸ್‌ಪೋರ್ಟ್ ಬೇಕು."

"ಆಗದೇ ಇದ್ದುದ್ದ ಹೆಂಗ್ ಹೇಳ್ಲಿ ಸಾಬ್ರೆ?"

"ಹಂಗಾದ್ರೆ ಈಗ ಆಗ್ಲಿ" ಎಂದು ಮಾಮು ಎದ್ದರು. ಎತ್ತು ಗೂಟದಲ್ಲಿತ್ತು, ಹಿಂಗಾಲುಗಳಿಗೆ ಇನ್ನೂ ಲಾಳ ಇರಲಿಲ್ಲ. ಮಾಮು ಅಭ್ಯಾಸಬಲದಿಂದ ಜೊತೆಗೆ ತಂದಿದ್ದ ಚೀಲದಿಂದ ಸುತ್ತಿಗೆ ತೆಗೆದುಕೊಂಡು ಎತ್ತಿನ ನೇರ ಹಿಂದೆ ಹೋಗಿ ನಿಂತರು. ಅಲ್ಲಿ ಮಾತ್ರ ನಿಲ್ಲಬಾರದೆಂದು ನಮಗೆಲ್ಲ ಚಿಕ್ಕಂದಿನಿಂದ ಹೇಳಿಕೊಟ್ಟವರು ಅವರೇ. ಎಡಗೈಯಿಂದ ಗೊರಸಿನ ಮೇಲೆ ಹೊಡೆದರು. ಎತ್ತಿನ ಚರ್ಮ ನಡುಗಿತು.

"ಒದಿ" ಎಂದರು.

ಮತ್ತೆ ಹೊಡೆದರು, ಈ ಸಲ ಗೊರಸಿನ ಮೇಲಿನ ಮೂಳೆಗೆ. ಚರ್ಮ ಸೀಳಿ ರಕ್ತ ಬಂತು. ಎತ್ತು ಹಗ್ಗ ಜಗ್ಗಿತು, ಗೂಟ ಅಲುಗಾಡಿತು. ಮಾಮು ಎದೆಯನ್ನು ಮುಂದೆ ಮಾಡಿಕೊಂಡು ಇನ್ನೂ ಹತ್ತಿರ ಹೋದರು.

"ಒದಿಯೋ. ಎಲ್ಲರೂ ಒದ್ದರು. ನೀನೂ ಒದಿ."

ಮೂರನೆಯ ಏಟಿಗೆ ಎತ್ತು ಕಾಲು ಎತ್ತಿತು. ನಾನು ಕಣ್ಣು ಮುಚ್ಚಿದೆ, ಆದ್ದರಿಂದ ಮುಂದಿನದನ್ನು ಮಹಾಲಿಂಗಯ್ಯನವರು ಹೇಳಿದಂತೆ ಬರೆಯುತ್ತಿದ್ದೇನೆ. ಎತ್ತಿದ ಕಾಲನ್ನು ಅದು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿತ್ತಂತೆ. ಲಾಳ ಹೊಡೆಸಿಕೊಳ್ಳುವ ಕುದುರೆ ನಿಂತುಕೊಂಡೇ ಕಾಲು ಕೊಟ್ಟಂತೆ ಇತ್ತಂತೆ. ಆಮೇಲೆ ನಿಧಾನವಾಗಿ ನೆಲಕ್ಕೆ ಇಟ್ಟಿತಂತೆ.

ನಾನು ಕಣ್ಣು ಬಿಟ್ಟಾಗ ದೊಡ್ಡಹನುಮಯ್ಯನವರು ಮಾಮುವಿನ ಕೆನ್ನೆಗೆ ಹೊಡೆದು, ಸುತ್ತಿಗೆಯನ್ನು ಕಿತ್ತು ಬೇಲಿಯಾಚೆ ಎಸೆಯುತ್ತಿದ್ದರು. ಮಾಮು ಸಗಣಿಯ ಮೇಲೆ ಕೂತುಬಿಟ್ಟರು. ಕೆನ್ನೆಗೆ ಹೊಡೆದ ಯಜಮಾನರ ಕಡೆ ನೋಡಲಿಲ್ಲ, ಎತ್ತಿನ ಕಾಲಿನಿಂದ ಇಳಿಯುತ್ತಿದ್ದ ರಕ್ತವನ್ನೇ ನೋಡಿದರು.

"ಒಂದೇ ಒಂದು ಸಲ ಒದ್ದಿದ್ರೆ, ಹೋಗ್ಬುಡ್ತಿದ್ದೆ" ಎಂದರು.