ಎರಡು ರೊಟ್ಟಿಯ ನಡುವಿನ ಗುರೆಳ್ಳು ಚಟ್ನಿ

ಇವತ್ತು ಮಧ್ಯಾಹ್ನ ತಾಟಿನ ಮುಂದೆ ಕುಳಿತು ಮೇಲಿನ ರೊಟ್ಟಿ ಎತ್ತಿದೆ ನೋಡಿ, ಗುರೆಳ್ಳು ಚಟ್ನಿಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಎರಡು ರೊಟ್ಟಿಗಳ ನಡುವೆ, ಹೊರಗೆ ಒಂದು ಕಾಳೂ ಕಾಣದ ಹಾಗೆ, ಕಪ್ಪಗೆ ಸವರಿತ್ತು. ಮೇಲೆ ಎಣ್ಣೆ ಬೇರೆ. ಡಾಕ್ಟರು ನನಗೆ ಉಪ್ಪು ಬಿಡಿಸಿ ಇಪ್ಪತ್ತು ದಿನವಾಗಿತ್ತು. ಈ ಇಪ್ಪತ್ತು ದಿನದಲ್ಲಿ ನಾನು ಮನುಷ್ಯರ ಜೊತೆ ಸರಿಯಾಗಿ ಮಾತಾಡಿದ್ದಿಲ್ಲ. ಅಡುಗೆಮನೆಯತ್ತ ನೋಡಿದೆ. ನನ್ನ ಹೆಂಡತಿ ಗಂಗವ್ವ ಬೆನ್ನು ತಿರುಗಿಸಿ ನಿಂತು, ತೊಳೆದಿಟ್ಟ ಚರಿಗೆಯನ್ನೇ ಮತ್ತೆ ತೊಳೆಯುತ್ತಿದ್ದಳು.

ಈ ಕಳ್ಳತನವನ್ನು ನಮ್ಮ ಮನೆಗೆ ತಂದವನು ನಾನೇ. ಅದನ್ನು ಹೇಳಬೇಕಾದರೆ ರೋಜಾಬಾಯಿಯ ವಿಷಯ ಹೇಳಬೇಕು. ಆಕೆಯ ವಿಷಯ ತೆಗೆದರೆ ನನ್ನ ಹೊಟ್ಟೆಕಿಚ್ಚನ್ನೂ ತೆಗೆಯಬೇಕಾಗುತ್ತದೆ. ನೀವು ಹೇಗೂ ಕುಳಿತಿದ್ದೀರಿ, ಕೇಳಿ.

ನಾನು ಮುಂಡಗೋಡದ ಹತ್ತಿರ ಇಂದೂರಿನವನು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟೆ. ದಾಂಡೇಲಿಯ ಕಾಗದದ ಕಾರ್ಖಾನೆಯೊಳಗೆ ಕಬ್ಬಿಣ ಹೊರುವ ಕೂಲಿಯಾಗಿ ಹೋದವನು ಆರು ವರ್ಷದಲ್ಲಿ ಫಿಟ್ಟರ್ ಆಗಿ ನಿಂತೆ. ಓದಿದವರು ನಕಾಶೆ ಹರವಿಕೊಂಡು ತಲೆ ಕೆರೆಯುತ್ತಿದ್ದಾಗ ನಾನು ಪೈಪಿಗೆ ನಟ್ಟು ಬಿಗಿಯುವ ಪಾನಾ ತಾಗಿಸಿ, ಕಿವಿ ಹಚ್ಚಿ, ಎಲ್ಲಿ ಕಟ್ಟಿಕೊಂಡಿದೆ ಎಂದು ಹೇಳುತ್ತಿದ್ದೆ. ಕಾರ್ಖಾನೆಯ ಭೋಂಗಾ ಕೂಗುವ ಮೊದಲೇ ಗೇಟಿನಲ್ಲಿ ಇರುತ್ತಿದ್ದೆ. "ಭೋಂಗಾ ಕೂಗೂದ ನಿನ್ನ ಮಾರಿ ನೋಡಿ ಬಿಡಲೇ" ಎಂದು ಜೊತೆಗಾರ ಫಕೀರಪ್ಪ ಚೇಷ್ಟೆ ಮಾಡುತ್ತಿದ್ದ. ಅದನ್ನು ನಾನು ನಿಜವೆಂದೇ ತಿಳಿದಿದ್ದೆ.

ಇಂಥ ಜಾಣನಿಗೆ ಹೆಂಡತಿಯ ಮುಖ ಬಾತದ್ದು ತಿಳಿಯಲಿಲ್ಲ. ಅರವತ್ತೈದನೇ ಇಸವಿಯ ಆಚೀಚೆಯ ಒಂದು ಶ್ರಾವಣ. ಗಂಗವ್ವನ ಕೆನ್ನೆ ತುಂಬಿಕೊಂಡದ್ದನ್ನು ಕಂಡು, "ನಮ್ಮ ಮನಿ ಅನ್ನ ಅಕಿಗೆ ಹತ್ತೇತಿ" ಎಂದು ಫಕೀರಪ್ಪನ ಮುಂದೆ ಹೆಮ್ಮೆಪಟ್ಟೆ. ವಾರದಲ್ಲಿ ಕಾಲುಂಗುರ ಮಾಂಸದಲ್ಲಿ ಹೂತುಹೋಯಿತು. ಸಣ್ಣ ಅರದಿಂದ ಅದನ್ನು ತೇಯ್ದು ಬಿಡಿಸುವಾಗ ನನ್ನ ಹೆಬ್ಬೆರಳು ಒತ್ತಿದ ಕಡೆ ಅವಳ ಪಾದದಲ್ಲಿ ಗುಳಿ ಬಿತ್ತು. ಬಿದ್ದ ಗುಳಿ ತುಂಬಿಕೊಳ್ಳಲೇ ಇಲ್ಲ. ಅಂದೇ ಕಾರ್ಖಾನೆಯ ದವಾಖಾನೆಗೆ ಸೇರಿಸಿದೆ. ಕಿಡ್ನಿ ಎಂಬ ಶಬ್ದವನ್ನು ಮೊದಲ ಸಲ ಕೇಳಿದ್ದು ಅಲ್ಲಿಯೇ. ಉಪ್ಪು ಪೂರ್ತಿ ಬಂದ್, ನೀರು ಅಳೆದು ಕೊಡಬೇಕು, ಮೈ ಮಾತು ಕೇಳಿದರೆ ಉಳಿಯುತ್ತಾಳೆ, ಇಲ್ಲದಿದ್ದರೆ ಇಲ್ಲ ಎಂದರು ಡಾಕ್ಟರು.

ಆರು ಮಂಚಗಳ ಆ ಹೆಂಗಸರ ವಾರ್ಡಿಗೆ ರೋಜಾಬಾಯಿಯೇ ಹಿರಿಯ ನರ್ಸು. ಜೋಯಿಡಾ ಕಡೆಯ ಕೊಂಕಣಿ ಮನೆತನದವಳು. ಗಿಡ್ಡ ಆಳು, ಮೆತ್ತಗಿನ ದನಿ. ಆದರೂ ಕೈಕೆಳಗಿನ ಮೂವರು ಹುಡುಗಿಯರು ಆಕೆ ಕಣ್ಣೆತ್ತುವ ಮೊದಲೇ ಎದ್ದು ನಿಲ್ಲುತ್ತಿದ್ದರು. ನಾನು ಹತ್ತು ಜನ ಹೆಲ್ಪರುಗಳ ಮೇಲೆ ಗಂಟಲು ಹರಿದುಕೊಂಡರೂ ಒಬ್ಬನೂ ಪಾನಾ ತಂದುಕೊಡುತ್ತಿರಲಿಲ್ಲ. ಹೊಟ್ಟೆಕಿಚ್ಚಿನ ಮೊದಲ ಕಿಡಿ ಅದು.

ಬಾವಿನ ರೋಗಿಗಳ ಮಂಚಕ್ಕೆ ಆಕೆ ಒಂದೊಂದು ಪಾಟಿ ನೇತುಹಾಕಿದ್ದಳು. ಎಷ್ಟು ನೀರು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎಂದು ಬಳಪದಲ್ಲಿ ಬರೆಯುವುದು. ಪರಗಂಡಸಿನ ಮುಂದೆ ಸೆರಗು ಇಳಿಸದ ಗಂಗವ್ವ ನಾಲ್ಕೇ ದಿನದಲ್ಲಿ, "ಇವತ್ತ ನಿನ್ನಿಕಿಂತ ಹೆಚ್ಚ ಆಗೇತ್ರಿ" ಎಂದು ನನಗೆ ಸಂಭ್ರಮದಿಂದ ಹೇಳತೊಡಗಿದಳು. ಒಂದು ದಿನ ಕಣ್ಣರಳಿಸಿ ಕೇಳಿದಳು:

"ಕಿಡ್ನಿ ಅಂದ್ರ ಏನಂತ ಗೊತ್ತೈತೇನ್ರಿ? ಜಾಳಿಗಿ ಇದ್ದಂಗಂತ. ಹೊಲಸ ತಡದ ರಕ್ತ ಸೋಸತೈತಂತ. ಬಾಯಾರು ಎಷ್ಟ ಛಂದ ತಿಳಿಸಿ ಹೇಳಿದ್ರು!"

ನೀವೇ ಹೇಳಿ. ಬಿದಿರಿನ ತಿರುಳು ಸೋಸುವ ಜಾಳಿಗೆಗಳನ್ನು ತೊಳೆದು, ಬಿಚ್ಚಿ, ಕೂಡಿಸಿ ನನ್ನ ಕೈ ಸವೆದಿತ್ತು. ಮದುವೆಯಾದಂದಿನಿಂದ ಅವಳಿಗೆ ಜಾಳಿಗೆಯ ವಿಷಯ ಹೇಳುತ್ತಲೇ ಬಂದಿದ್ದೆ. ನಾನು ಹೇಳುವಾಗ ಆಕಳಿಸುತ್ತಿದ್ದವಳಿಗೆ ರೋಜಾಬಾಯಿಯ ಬಾಯಿಂದ ಬಂದೊಡನೆ ಜಾಳಿಗೆ ಪುರಾಣವಾಗಿಬಿಟ್ಟಿತು.

ಅಷ್ಟಕ್ಕೇ ನಿಲ್ಲಲಿಲ್ಲ. ಮನೆಯಿಂದ ಬರುವ ಪ್ರತಿ ಡಬ್ಬಿಯನ್ನೂ ಆಕೆ ಮೊದಲು ತಾನು ರುಚಿ ನೋಡಿಯೇ ರೋಗಿಗೆ ಕೊಡುತ್ತಿದ್ದಳು. ಮಡಿವಂತರ ಮನಸ್ಸು ಆಕೆಗೆ ಗೊತ್ತಿತ್ತು. ಪಲ್ಲೆಯಾದರೆ ಚಮಚೆಯಿಂದ ಅಂಗೈಗೆ ಹಾಕಿಕೊಂಡು, ರೊಟ್ಟಿಯಾದರೆ ಅಂಚು ಮುರಿದು ಅಂಗೈ ಮೇಲಿಟ್ಟು ಬಾಯಿಗೆ ಒಯ್ಯುತ್ತಿದ್ದಳು. ಎಂಜಲಾಗುವ ಮಾತೇ ಇರಲಿಲ್ಲ. ಆದರೂ ನನಗೆ ಉರಿಯಿತು. ಲಿಂಗ ಕಟ್ಟಿದ ಮನೆಯ ಅಡುಗೆಗೆ ಇವಳ ಪರೀಕ್ಷೆಯೇ? ಅದೂ ನಾನು, ಗಂಡಸು, ಎರಡನೇ ಪಾಳಿ ಕೇಳಿ ಹಾಕಿಸಿಕೊಂಡು, ಬೆಳಗ್ಗೆ ಎದ್ದು ಬಡಿದ ರೊಟ್ಟಿಗೆ! ಮೊದಲ ವಾರ ಅವು ಅಂಡಮಾನದ ನಕಾಶೆಯಂತೆ ಇದ್ದವು ಎಂಬುದು ಬೇರೆ ಮಾತು.

ಗಂಗವ್ವ ಆ ರೊಟ್ಟಿಯನ್ನು ಎರಡು ತುತ್ತು ತಿಂದು ಸರಿಸುತ್ತಿದ್ದಳು. "ಬಾಯಾರು ಮಾಡಿದ ಗಂಜಿ ಉಪ್ಪಿಲ್ಲದಿದ್ರೂ ಇಳೀತೈತ್ರಿ" ಎಂದಳು ಒಂದು ದಿನ. ಮನಸ್ಸಿನಲ್ಲಿ ಕೆಟ್ಟದ್ದಿಲ್ಲದೆ ಆಡಿದ ಮಾತು. ಅದು ನನ್ನಲ್ಲಿ ಮುಳ್ಳಾಗಿ ಮುರಿದು ಕುಳಿತಿತು.

ನಮ್ಮ ಕಡೆ ಜೋಳದ ರೊಟ್ಟಿಗೆ ಉಪ್ಪು ಹಾಕುವುದಿಲ್ಲ. ಅಂಚು ಮುರಿದು ನೋಡಿದರೆ ಸಪ್ಪೆಯೇ. ಮರುದಿನ ನಾನು ಎರಡು ರೊಟ್ಟಿಯ ನಡುವೆ ಗುರೆಳ್ಳು ಚಟ್ನಿ ಸವರಿ, ಅಂಚಿಗೆ ಎರಡು ಬೆರಳು ಬಿಟ್ಟು, ವಾಶರ್ ಕೂಡಿಸಿದ ಹಾಗೆ ಒತ್ತಿ ಕೂಡಿಸಿದೆ. ರೋಜಾಬಾಯಿ ಅಂಚು ಮುರಿದಳು, ತಲೆಯಾಡಿಸಿದಳು, ಡಬ್ಬಿ ದಾಟಿತು. ಗಂಗವ್ವ ಮೊದಲ ತುತ್ತಿಗೇ ನನ್ನ ಮುಖ ನೋಡಿದಳು.

"ಬ್ಯಾಡ ಅಂದಾರಲ್ರಿ..."

"ಚಿಟಿಕಿ ಉಪ್ಪಿಗೆ ಏನ ಆಕ್ಕತಿ? ತಿನ್ನ ಸುಮ್ನ."

ತಿಂದಳು. ಬೆರಳು ಸಹಿತ ನೆಕ್ಕಿ, "ನಿಮ್ಮ ಕೈಗೆ ರುಚಿ ಬಂದೈತಿ ನೋಡ್ರಿ" ಎಂದಳು. ಆ ಒಂದು ಮಾತಿಗಾಗಿ ನಾನು ಐದು ದಿನ ಚಟ್ನಿ ಒಯ್ದೆ.

ಆರನೇ ದಿನ ಅವಳ ಕಣ್ಣು ತೆರೆಯಲಾರದಷ್ಟು ಮುಖ ಬಾತಿತ್ತು. ಮಲಗಿದರೆ ಉಸಿರು ಹಿಡಿಯುತ್ತಿತ್ತು, ದಿಂಬಿಗೆ ಒರಗಿಸಿ ಕೂರಿಸಿದ್ದರು. ಪಾಟಿಯ ಮೇಲೆ ಹೊರಗೆ ಬಂದ ನೀರಿನ ಮುಂದೆ ಒಂದು ಗೆರೆ ಮಾತ್ರ ಇತ್ತು. ಡಾಕ್ಟರು ಎಲ್ಲರ ಎದುರಿಗೇ ರೋಜಾಬಾಯಿಯ ಮೇಲೆ ಹರಿಹಾಯ್ದರು. "ಒಳಗ ಉಪ್ಪ ಹೆಂಗ ಬಂತು? ಏನ ನೋಡತೀರಿ ನೀವು?"

"ತಪ್ಪ ನಂದೈತ್ರಿ ಸರ್. ನಾ ಸರಿಯಾಗಿ ನೋಡಲಿಲ್ಲ" ಎಂದಳು ಆಕೆ.

ನಾನು ಬಾಗಿಲ ಹೊರಗೆ ಡಬ್ಬಿ ಹಿಡಿದು ನಿಂತಿದ್ದೆ. ಒಳಗೆ ಹೋಗಿ ತಪ್ಪು ನನ್ನದೆನ್ನಲು ಹತ್ತು ಹೆಜ್ಜೆ ಸಾಕಿತ್ತು. ಇಡಲಿಲ್ಲ. ಸ್ವಲ್ಪ ಹೊತ್ತಿಗೆ ಆಕೆಯೇ ಹೊರಗೆ ಬಂದು, ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು, ಅಂದಿನ ರೊಟ್ಟಿಗಳನ್ನು ಬೇರ್ಪಡಿಸಿ ನೋಡಿದಳು. ಬೈಯುತ್ತಾಳೆ, ನಾಲ್ಕು ಜನರನ್ನು ಕರೆದು ತೋರಿಸುತ್ತಾಳೆ ಎಂದುಕೊಂಡೆ.

"ಕೆಲಸ ಭಾರೀ ನೀಟ ಐತಿ ಫಿಟ್ಟರ ಸಾಹೇಬ್ರ" ಎಂದಳು. ರೊಟ್ಟಿಗಳನ್ನು ಮತ್ತೆ ಜೋಡಿಸಿ ಡಬ್ಬಿಯ ಮುಚ್ಚಳ ಹಾಕಿದಳು. "ಅಕಿಗೆ ಮೂರು ದಿನ ಭಾಳ ಕಠಿಣ ಐತಿ. ಇವತ್ತಿಂದ ನೀವೂ ಅಕಿ ಮಗ್ಗಲಕ್ಕ ಕುಂತು ಉಪ್ಪಿಲ್ಲದ್ದ ಉಣ್ರಿ. ಒಬ್ಬಾಕಿನೇ ಉಣ್ಣೂದು ಸಜಾ ಆಗತೈತಿ. ನಾನೂ ಮಧ್ಯಾಹ್ನ ಇಲ್ಲೇ ಅದನ್ನ ಉಣತೇನಿ. ಮತ್ತ ಇನ್ನೊಂದು... ನಾಳೆಯಿಂದ ಡಬ್ಬಿ ನೋಡೂ ಕೆಲಸ ನಿಮ್ಮದು."

"ನಂದಾ?"

"ಎಲ್ಲೆಲ್ಲಿ ಮುಚ್ಚಿಡತಾರ ಅನ್ನೂದು ನಿಮಗ ಗೊತ್ತಲ್ಲ. ನನಗ ಗೊತ್ತಾಗಲಿಲ್ಲ. ಅಂಚ ನೋಡಬ್ಯಾಡ್ರಿ, ನಡಕ ನೋಡ್ರಿ."

ಮೂರು ದಿನ ಗಂಗವ್ವ ಬಾಗಿಲಲ್ಲಿ ನಿಂತವಳಂತೆ ಇದ್ದಳು, ಹೋಗಲೂ ಇಲ್ಲ, ಬರಲೂ ಇಲ್ಲ. ರೋಜಾಬಾಯಿ ಆ ಮೂರು ದಿನ ಮನೆಗೆ ಹೋದದ್ದನ್ನು ನಾನು ಕಾಣಲಿಲ್ಲ. ನಾಲ್ಕನೇ ದಿನ ಪಾಟಿಯ ಮೇಲೆ ಒಂದು ಅಂಕಿ ಮೂಡಿತು. ಅಂಥ ಅಂಕಿಯನ್ನು ನಾನು ಸಾಲಿಯಲ್ಲೂ ಕಂಡಿರಲಿಲ್ಲ.

ಅಂದಿನಿಂದ ಎರಡು ತಿಂಗಳು ನಾನು ವಾರ್ಡಿನ ಎಲ್ಲರ ಡಬ್ಬಿ ತಪಾಸಣೆ ಮಾಡಿದೆ. ಅನ್ನದ ತಳದಲ್ಲಿ ಹೂತ ಉಪ್ಪಿನಕಾಯಿ, ಸಂಡಿಗೆ ಸುತ್ತಿದ ಬಾಳೆಲೆ, ಎಲ್ಲ ಹಿಡಿದೆ. ಹಿಡಿದಾಗಲೆಲ್ಲ ನನಗಿದ್ದ ಗತ್ತು ನೋಡಬೇಕಿತ್ತು ನೀವು. ಕಳ್ಳನ ಕೈಗೆ ಕೀಲಿ ಕೊಟ್ಟು ಅವನನ್ನು ಕಾವಲುಗಾರ ಮಾಡುವ ವಿದ್ಯೆ ಆಕೆಗೆ ಯಾರು ಕಲಿಸಿದರೋ. ಗಂಗವ್ವ ತೇಯ್ದ ಕಾಲುಂಗುರ ಬೆಸೆಯಿಸಿ ಹಾಕಿಕೊಂಡು ಮನೆಗೆ ಬಂದಳು.

ಕೃತಜ್ಞತೆಯಿಂದ ಹೊಟ್ಟೆಕಿಚ್ಚು ಆರಿತು ಎಂದುಕೊಂಡಿರಾ? ಉಪಕಾರ ಮಾಡಿದವರ ಮೇಲೆ ಉರಿಯುವ ಕಿಚ್ಚಿಗೆ ಸೌದೆಯೇ ಬೇಡ.

ನಮ್ಮಲ್ಲಿ ಕೆಲಸಗಾರರೆಲ್ಲ ಸೇರಿ ವರ್ಷಕ್ಕೊಬ್ಬರಿಗೆ ಶಾಲು ಹೊದಿಸುವ ರೂಢಿ ಇತ್ತು. ಆ ವರ್ಷ ಅದು ನನಗೇ ಎಂದು ಫಕೀರಪ್ಪ ಹೇಳಿದ್ದ. ನಾನು ಹಳಿಯಾಳಕ್ಕೆ ಹೋಗಿ ಕೋಟು ಹೊಲಿಸಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕುಳಿತೆ. ಹೆಸರು ಕೂಗಿದರು. ರೋಜಾಬಾಯಿ. ಹೆಂಗಸರ ಕಡೆಯಿಂದ ಎಲ್ಲಕ್ಕಿಂತ ಜೋರಾಗಿ ಬಂದ ಚಪ್ಪಾಳೆ ಯಾರದೆಂದು ತಿರುಗಿ ನೋಡುವ ಅಗತ್ಯ ನನಗಿರಲಿಲ್ಲ.

"ರೋಗಿ ಕಡೆಯವರು ಯಾರಾರ ಎರಡ ಮಾತ ಆಡ್ರಿ" ಎಂದರು. ಫಕೀರಪ್ಪ ನನ್ನನ್ನು ಎಬ್ಬಿಸಿ ದೂಡಿದ. ಮೇಲೆ ನಿಂತೆ. ಚಟ್ನಿಯ ಕಥೆ ನಾಲಗೆಯ ತುದಿಗೆ ಬಂದಿತ್ತು. ಅದೊಂದನ್ನು ಹೇಳಿದ್ದರೆ ಆ ಹೆಂಗಸು ಏನೆಂಬುದು ಇಡೀ ದಾಂಡೇಲಿಗೆ ತಿಳಿಯುತ್ತಿತ್ತು. ಹೊಸ ಕೋಟು ಬಿಡಲಿಲ್ಲ.

"ಬಾಯಾರು ಕೆಲಸ ಚಲೋ ಮಾಡತಾರ" ಎಂದೆ. "ಆದ್ರ ಡಬ್ಬಿ ನೋಡೂ ಮಂದೀನೂ ಬೇಕಾಗತಾರಲ್ರಿ."

ಜನ ನಕ್ಕರು. ರೋಜಾಬಾಯಿಯೂ ನಕ್ಕು ಎಲ್ಲರಿಗೂ ಕೇಳುವಂತೆ, "ಖರೇ ಐತ್ರಿ. ಇವರಂಗ ಡಬ್ಬಿ ತಿಳದಾವ್ರು ಇನ್ನೊಬ್ರಿಲ್ಲ" ಎಂದಳು. ಎರಡನೇ ಸಲ ನನ್ನ ಮಾನ ಮುಚ್ಚಿದಳು. ಶಾಲು ಆಕೆಯ ಹೆಗಲ ಮೇಲಿತ್ತು, ಬೆವರು ನನಗೆ.

ಹೊರಳಿ ಬರುವಾಗ ಗಂಗವ್ವ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ಮನೆಯ ತಿರುವಿನಲ್ಲಿ ಅಂದಳು: "ಎಲ್ಲಾ ಹೇಳಿದ್ರಿ. ಚಟ್ನಿ ಒಂದ ಮರತ್ರಿ."

ರೋಜಾಬಾಯಿ ಮುಂದೆ ಕೆಲಸ ಮುಗಿಸಿ ಜೋಯಿಡಾಕ್ಕೆ ಹೋದಳು. ನಾನು ಹೋಗಿ ತಪ್ಪಾಯಿತೆಂದು ಹೇಳಲಿಲ್ಲ. ಇಷ್ಟು ವರ್ಷವಾದರೂ ಮನೆಯಲ್ಲಿ ಯಾವ ಮಾತು ಎದ್ದರೂ "ಬಾಯಾರು ಇದ್ದಿದ್ರ" ಎಂದೇ ಗಂಗವ್ವ ಶುರು ಮಾಡುತ್ತಾಳೆ. ನನಗೆ ಈಗಲೂ ಚುರುಕ್ಕೆನ್ನುತ್ತದೆ.

ಇವತ್ತು ಕೈಯಲ್ಲಿ ರೊಟ್ಟಿ ಹಿಡಿದು ಬಹಳ ಹೊತ್ತು ಕುಳಿತಿದ್ದೆ. ಬಾಯಲ್ಲಿ ನೀರು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ಕರೆದೆ.

"ಏ, ತಾಟ ತಗೊಂಡ ಬಾ ಇಲ್ಲೆ. ಇವತ್ತಿಂದ ನೀನೂ ನನ್ನ ಜೋಡಿ ಉಪ್ಪಿಲ್ಲದ್ದ ಉಣಬೇಕು. ಒಬ್ಬವನೇ ಉಣ್ಣೂದು ಸಜಾ ಆಗತೈತಿ."

ಗಂಗವ್ವ ಚರಿಗೆ ಕೆಳಗಿಟ್ಟು ತಿರುಗಿದಳು. ಸಿಕ್ಕಿಬಿದ್ದ ನಾಚಿಕೆ ಹೋಗಿ ಮುಖದಲ್ಲಿ ಬೇರೆಯೇ ನಗೆ ಬಂದಿತ್ತು. ಆ ನಗೆ ನನಗಾಗಿ ಅಲ್ಲ ಎಂಬುದು ಗೊತ್ತಾಯಿತು.

"ಈ ಮಾತ ಯಾರದ್ರೀ?"

"ಬಾಯಾರದು" ಎಂದೆ. "ತಪ್ಪ ಅವರದಲ್ಲ, ನಂದು. ಅವತ್ತ ಡಾಕ್ಟರು ಬಯ್ಯೂವಾಗ ಹೊರಗ ನಿಂತಿದ್ದೆ, ಒಳಗ ಬರಲಿಲ್ಲ. ಶಾಲ ಅವರಿಗೇ ಹೋಗಬೇಕಿತ್ತು."

ಅವಳು ಚಟ್ನಿಯ ರೊಟ್ಟಿಗಳನ್ನು ಎತ್ತಿ ಆಚೆ ಇಟ್ಟಳು, ಬುಟ್ಟಿಯಿಂದ ಬೇರೆ ಎರಡು ತಂದು ನನ್ನ ತಾಟಿಗೆ ಹಾಕಿ ಎದುರಿಗೆ ಕುಳಿತಳು. ಆಮೇಲೆ ನನ್ನ ರೊಟ್ಟಿಯ ಅಂಚು ಬಿಟ್ಟು, ನಡುವಿನಿಂದ ಒಂದು ಚೂರು ಮುರಿದು, ಅಂಗೈ ಮೇಲಿಟ್ಟುಕೊಂಡು ರುಚಿ ನೋಡಿದಳು.

"ಹೂಂ, ಉಣ್ರಿ" ಎಂದಳು.