ಸಿಂಗಾಪುರದ ಕಿವಿ ಮೆಷಿನ್

ಬಣಕಲ್ ಸುತ್ತಮುತ್ತ ರಾಮಮ್ಮನ ಕೈಯಲ್ಲಿ ಮಿಂದು ಬೆಳೆಯದ ಮಕ್ಕಳು ಕಡಿಮೆ. ಎಣ್ಣೆ ತಿಕ್ಕಿ, ಕಾಲ ಮೇಲೆ ಮಲಗಿಸಿಕೊಂಡು, ಹದವಾದ ಬಿಸಿನೀರು ಹೊಯ್ದು ಎಳೆಮಗುವನ್ನು ಮೀಯಿಸುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಹಾಗೆ ಅವಳೇ ಮೀಯಿಸಿದ್ದ ಎಸ್ಟೇಟ್ ಮನೆಯ ಮಗಳು ಶಾಲಿನಿ ಸಿಂಗಾಪುರದಲ್ಲಿ ಬಸುರಿಯಾದಾಗ, ಬಾಣಂತನಕ್ಕೆ ರಾಮಮ್ಮನೇ ಬರಬೇಕೆಂದು ಹಟ ಹಿಡಿದಳು. ಘಟ್ಟದ ಕೆಳಗೆ ಒಮ್ಮೆಯೂ ಇಳಿಯದಿದ್ದ ಹೆಂಗಸು ವಿಮಾನ ಹತ್ತಿದಳು.

ಅಲ್ಲಿ ದುಡಿದ ಸಂಬಳದಲ್ಲಿ ಅವಳಿಗೆ ಬೇಕಿದ್ದುದು ಒಂದೇ: ಗಂಡ ಕೆಂಚಯ್ಯನಿಗೆ ಕಿವಿ ಮೆಷಿನ್. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದು ಅವನ ಕಿವಿ ಮಂದವಾಗಿತ್ತು. ಮನೆಯೊಳಗಾದರೆ ಕೂಗಿ ಮಾತಾಡಿ ಹೇಗೋ ಸಂಸಾರ ಮಾಡಬಹುದು. ತೋಟದಲ್ಲಿ ಆನೆ ಬಂದರೆ? ಅರಣ್ಯ ಇಲಾಖೆಯ ಜೀಪು ಮೈಕಿನಲ್ಲಿ ಎಚ್ಚರಿಸಿಕೊಂಡು ಹೋಗುತ್ತದೆ, ಕೆಲಸದವರು ದೂರದಿಂದ ಕೂಗು ಹಾಕುತ್ತಾರೆ. ಅದು ಕೇಳಿಸಿದವನು ಬದುಕುತ್ತಾನೆ.

ಸಿಂಗಾಪುರದ ಅಂಗಡಿಯವನು ಹೇಳಿದ್ದನ್ನು ಶಾಲಿನಿ ಕನ್ನಡದಲ್ಲಿ ಹೇಳಿದಳು. "ಈ ಕಂಪನಿ ಮೆಷಿನ್ ನಮ್ಮ ಚಿಕ್ಕಮಗಳೂರಲ್ಲೂ ಮಾರ್ತಾರಂತೆ ರಾಮಮ್ಮ. ಕೆಂಚಯ್ಯನ ಕಿವಿ ಪರೀಕ್ಷೆ ಮಾಡಿ ಅಲ್ಲೇ ಹೊಂದಿಸಿ ಕೊಡ್ತಾರೆ. ಏನೂ ಯೋಚನೆ ಇಲ್ಲ." ದುಡ್ಡು ತಾನು ಕೊಡುತ್ತೇನೆಂದು ಶಾಲಿನಿ ಎಷ್ಟು ಹೇಳಿದರೂ ರಾಮಮ್ಮ ಒಪ್ಪದೆ ತನ್ನ ಸಂಬಳದಲ್ಲೇ ಮೆಷಿನ್ ಕೊಂಡಳು.

ಊರಿಗೆ ಬಂದು ಕಿವಿಗೆ ಹಾಕಿದ್ದೇ ತಡ, ಕೆಂಚಯ್ಯ ಬೆಚ್ಚಿಬಿದ್ದ. ತಟ್ಟೆ ಕೆಳಗಿಟ್ಟರೆ ಸೂರಿನ ತಗಡು ಕಳಚಿ ಬಿದ್ದಂತೆ ಕೇಳುತ್ತಿತ್ತು. ಹೆಂಡತಿ ಮಾತಾಡಿದರೆ ಮಾತ್ರ ಹಂಡೆಯೊಳಗೆ ಯಾರೋ ಗೊಣಗಿದಂತೆ. ಹೊಂದಿಸದೆ ಇದರಿಂದ ಪ್ರಯೋಜನವಿಲ್ಲವೆಂದು ಇಬ್ಬರೂ ಚಿಕ್ಕಮಗಳೂರಿನ ಬಸ್ಸು ಹತ್ತಿದರು.

ಅಲ್ಲಿ ಆ ಕಂಪನಿಯ ಮೆಷಿನ್ ಮಾರುವ ಅಂಗಡಿಯ ಶಶಿಧರ್ ಮೆಷಿನ್ನನ್ನು ತಿರುಗಿಸಿ ನೋಡಿ ಮೇಜಿನ ಮೇಲಿಟ್ಟ. "ಇದು ನಮ್ಮಲ್ಲಿ ತಗೊಂಡಿದ್ದಲ್ಲ."

"ಅದೇ ಕಂಪನಿದಲ್ವಾ ಸಾರ್?"

"ಕಂಪನಿ ಅದೇ, ದೇಶ ಬೇರೆ. ಹೊರಗಡೆ ಮಾರಿದ್ದಕ್ಕೆ ಲಾಕ್ ಇರ್ತದೆ. ನಮ್ಮ ಕಂಪ್ಯೂಟರಲ್ಲಿ ತೆರೆಯೋದಿಲ್ಲ."

"ಒಂದ್ಸಲ ಹಾಕಿ ನೋಡಿ ಸಾರ್."

"ನೋಡೋದೇನು ಬಂತು? ಇಲ್ಲೇ ಹೊಸದು ತಗೊಳ್ಳಿ. ಫಾರಿನ್ ಅಂದ್ರೆ ಈಗ ನಿಮ್ಮಂಥವರಿಗೂ ಆಸೆ."

ನಿಮ್ಮಂಥವರಿಗೂ! ಆ ಮಾತು ರಾಮಮ್ಮನ ಎದೆಗೆ ಮುಳ್ಳಿನಂತೆ ನಾಟಿತು. ಬೇರೆಯವರ ಮಗುವಿನ ಹೇಲುಬಟ್ಟೆ ಒಗೆದು ತಂದದ್ದನ್ನು ಅವನು ಆಸೆ ಅಂದುಬಿಟ್ಟ. ಮೆಷಿನ್ ಎತ್ತಿಕೊಂಡು ಎದ್ದು ಬಂದಳು. ಮೆಷಿನ್ ಮನೆಯ ಬಿಸ್ಕತ್ತಿನ ಡಬ್ಬಿ ಸೇರಿತು.

ಕಾಫಿ ಕೊಯ್ಲಿನ ಒಂದು ಬೆಳಿಗ್ಗೆ ಕೆಂಚಯ್ಯ ಜಾವಳಿ ಕಡೆಯ ತೋಟಕ್ಕೆ ಹೊರಟಿದ್ದ. ಹಿಂದಿನಿಂದ ಜೀಪು ಮೈಕಿನಲ್ಲಿ ಕೂಗುತ್ತ ಬರುತ್ತಿತ್ತು. ತಿರುವಿನ ಆಚೆ ಒಂಟಿ ಸಲಗ. ದಾರಿಯಲ್ಲಿದ್ದ ಹೆಂಗಸರೆಲ್ಲ ಓಡಿ ಎಸ್ಟೇಟ್ ಗೇಟಿನೊಳಗೆ ಸೇರಿದರು. ಇವನೊಬ್ಬ ಬೀಡಿ ಸೇದುತ್ತ ನೇರ ಸಲಗದ ಕಡೆಗೇ ನಡೆದ. ಜೀಪಿನ ಡ್ರೈವರ್ ಮಲ್ಲೇಶ್ ಹಾರಿ ಇಳಿದು ರಟ್ಟೆ ಹಿಡಿದು ಎಳೆಯದಿದ್ದರೆ ಅವನು ಅಂದು ಮನೆಗೆ ಬರುತ್ತಿರಲಿಲ್ಲ. ಎಳೆದ ರಭಸಕ್ಕೆ ಚರಂಡಿಗೆ ಬಿದ್ದು ಕೈ ಮುರಿಯಿತು, ಅಷ್ಟೇ.

ಸುದ್ದಿ ತಿಳಿದ ಶಾಲಿನಿ ಫೋನಿನಲ್ಲಿ ಅತ್ತಳು. "ಹೊಸದು ನಾನೇ ಕೊಡಿಸ್ತೀನಿ ರಾಮಮ್ಮ."

"ಬೇಡ ಶಾಲಿನಮ್ಮ. ಕೆಟ್ಟುಹೋಗಿದ್ರೆ ಹೊಸದು ತಗೋಬಹುದಿತ್ತು. ಇದು ಕೆಟ್ಟಿಲ್ಲ. ಕಿವಿ ಕೇಳದವ್ನು ಎಲ್ಲಾ ದೇಶದಲ್ಲೂ ಕೇಳದವ್ನೇ. ಮೆಷಿನ್ನಿಗೆ ಮಾತ್ರ ಯಾಕಂತೆ ದೇಶ?"

ಕೆಂಚಯ್ಯನನ್ನು ನೋಡಲು ಬಂದ ಮಲ್ಲೇಶನೇ ದಾರಿ ತೋರಿಸಿದ. ಅವನ ಮಗಳಿಗೂ ಹುಟ್ಟಿನಿಂದ ಕಿವಿ ಕೇಳಿಸದು. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮೋನಿಕಾ ಎಂಬ ಕಿವಿ ತಜ್ಞೆ ಅವಳನ್ನು ನೋಡುತ್ತಿದ್ದರು. ರಾಮಮ್ಮ ಪ್ಲಾಸ್ಟರ್ ಹಾಕಿದ ಕೈಯ ಗಂಡನನ್ನು ಕರೆದುಕೊಂಡು ಚಾರ್ಮಾಡಿ ಘಟ್ಟ ಇಳಿದಳು.

ಮೋನಿಕಾ ಕೆಂಚಯ್ಯನ ಕಿವಿ ಪರೀಕ್ಷಿಸಿ, ಮೆಷಿನ್ನಿಗೆ ಒಂದು ವೈರು ಸಿಕ್ಕಿಸಿ, ಕಂಪ್ಯೂಟರಿನಲ್ಲಿ ಏನೇನೋ ಒತ್ತಿದರು. ಸ್ವಲ್ಪ ಹೊತ್ತಿನಲ್ಲೇ ಕೆಲಸ ಮುಗಿಯಿತು.

"ಚಿಕ್ಕಮಗಳೂರಿನ ಅಂಗಡಿಯವ್ರು ಲಾಕ್ ಇದೆ ಅಂದಿದ್ರು. ಇರ್ಲಿಲ್ವಾ ಮೇಡಂ?"

"ಕೆಲವಕ್ಕೆ ಇರುತ್ತೆ. ಇದಕ್ಕಿಲ್ಲ. ಸಿಕ್ಕಿಸಿ ನೋಡಿದ್ರೆ ಅವರಿಗೂ ಗೊತ್ತಾಗ್ತಿತ್ತಲ್ಲ."

ಅಷ್ಟರಲ್ಲಿ ಕೆಂಚಯ್ಯ ಹೆಂಡತಿಯ ಕಡೆ ತಿರುಗಿದ. "ನಿನ್ನ ದನಿಗೂ ವಯಸ್ಸಾಗಿದೆ ಮಾರಾಯ್ತಿ," ಎಂದು ನಕ್ಕ. ಮೋನಿಕಾ ಕೂಡ ನಕ್ಕರು. ರಾಮಮ್ಮನಿಗೆ ನಗು ಬರಲಿಲ್ಲ. ಒಂದು ವೈರು ಸಿಕ್ಕಿಸುವ ಕೆಲಸ. ಅದನ್ನು ಮಾಡದೆ ಆ ಶಶಿಧರ್ ಸುಳ್ಳು ಹೇಳಿ ಕಳಿಸಿದನಲ್ಲ, ಅವನ ಆ ಸುಳ್ಳಿಗೆ ಗಂಡ ಆನೆಯ ಕಾಲಡಿಗೆ ಹೋಗುತ್ತಿದ್ದನಲ್ಲ!

ಮರುದಿನವೇ ಇಬ್ಬರೂ ಚಿಕ್ಕಮಗಳೂರಿಗೆ ಹೋದರು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ರಾಮಮ್ಮ ನೇರ ಶಶಿಧರನ ಮೇಜಿನ ಮುಂದೆ ನಿಂತಳು.

"ಅವತ್ತು ಹೇಳಿದ್ರಲ್ಲ, ಅದನ್ನ ಈಗ ಹೇಳಿ. ನನ್ಗಲ್ಲ, ಇವ್ರಿಗೆ ಹೇಳಿ," ಎಂದು ಗಂಡನನ್ನು ತೋರಿಸಿದಳು.

ಶಶಿಧರ್ ಕೆಂಚಯ್ಯನ ಕಿವಿಯತ್ತ ನೋಡಿ ತಡವರಿಸಿದ. "ನೋಡಿ, ನಮ್ಮ ಕಂಪನಿ ಮೇಲಿನವರು ಹಾಗೆ ಹೇಳ್ತಾರೆ..." ಎಂದು ಗಟ್ಟಿಯಾಗಿ ಕೂಗಿದ.

"ಕೂಗ್ಬೇಡಿ ಸಾರ್," ಎಂದ ಕೆಂಚಯ್ಯ. "ಚೆನ್ನಾಗೇ ಕೇಳ್ತದೆ."

ಕುಳಿತಿದ್ದವರೆಲ್ಲ ತಲೆಯೆತ್ತಿದರು. ಮೈಸೂರು ಪೇಟ ಸುತ್ತಿದ್ದ ಮುದುಕರೊಬ್ಬರು ಏನಾಯಿತೆಂದು ಕೇಳಿದರು. ರಾಮಮ್ಮ ಸಿಂಗಾಪುರದಿಂದ ಹಿಡಿದು ಸಲಗದವರೆಗೆ ಒಂದನ್ನೂ ಬಿಡದೆ ಹೇಳಿದಳು. ಹೇಳುತ್ತ ಹೇಳುತ್ತ ದನಿ ಏರಿತು, ಕಣ್ಣು ತುಂಬಿತು. ಮುದುಕರು ಕೊಳ್ಳಲು ಆರಿಸಿದ್ದ ಮೆಷಿನ್ನನ್ನು ಸದ್ದಿಲ್ಲದೆ ಹಿಂದಕ್ಕೆ ತಳ್ಳಿ ಎದ್ದರು.

ಶಶಿಧರ್ ಬ್ಯಾಟರಿ ಸೆಲ್ಲುಗಳ ಒಂದು ಪೊಟ್ಟಣ ಅವಳ ಮುಂದೆ ಇಟ್ಟ. "ಇರಲಿ ಬಿಡಿ ಅಮ್ಮ, ದುಡ್ಡು ಬೇಡ, ಇದನ್ನ ತಗೊಂಡು ಹೋಗಿ."

"ಒಂದು ತಪ್ಪಾಯ್ತು ಅಂತ ಬಾಯಿಗೆ ಬರೋದಿಲ್ವಾ ನಿಮಗೆ?"

ಶಶಿಧರ್ ಕಂಪ್ಯೂಟರಿನತ್ತ ಮುಖ ತಿರುಗಿಸಿದ. ರಾಮಮ್ಮ ಪೊಟ್ಟಣ ಮುಟ್ಟದೆ ಹೊರಬಂದಳು.

ಊರಿಗೆ ಮರಳುವ ಮೂಡಿಗೆರೆಯ ಬಸ್ಸಿನಲ್ಲಿ ಕೆಂಚಯ್ಯ ಕಿಟಕಿಗೆ ಒರಗಿ, ಹಿಂದಿನ ಸೀಟಿನವರ ಜಗಳವನ್ನು ಖುಷಿಯಿಂದ ಕೇಳುತ್ತಿದ್ದ. ರಾಮಮ್ಮ ಮಾತ್ರ ಸೆರಗು ಬಿಗಿದು ಕೂತಿದ್ದಳು. ಅವಳ ಸಿಟ್ಟು ಇನ್ನೂ ಒಂದಿಷ್ಟೂ ಇಳಿದಿರಲಿಲ್ಲ.