ಕೃಷ್ಣಕುಮಾರ್ ಸಿಮ್ ಬದಲಿಸಿದ್ದು

ಮೊಳಕಾಲ್ಮುರಿನ ನೇಕಾರ ಕೃಷ್ಣಕುಮಾರ್ ಸ್ನಾನಕ್ಕೆ ಹೋಗುವಾಗಲೂ ಮೊಬೈಲನ್ನು ಹೆಂಡತಿ ಪುಷ್ಪಾಳ ಕೈಗೆ ಕೊಟ್ಟು ಹೋಗುತ್ತಿದ್ದ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಾಗ ಅದು ಎಡಗಡೆ, ಜರಿ ಉಂಡೆಗಳ ಪಕ್ಕದಲ್ಲೇ ಇರಬೇಕು. ಮಾತಿನ ಚಟ ಇದ್ದವನಲ್ಲ. ಅವನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿ ನಾಲ್ಕು ವರ್ಷವಾಗಿತ್ತು. ಸೋಮವಾರ, ಬುಧವಾರ, ಶುಕ್ರವಾರ ಮೊದಲ ಬಸ್ಸಿಗೆ ಚಳ್ಳಕೆರೆಗೆ ಹೋಗಿ ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿ ಬರುತ್ತಿದ್ದ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ, ಸತ್ತವರ ಕಡೆಯವರು ದಾನ ಕೊಟ್ಟ ಕಿಡ್ನಿಗಾಗಿ ಕಾಯುವವರ ಪಟ್ಟಿಯಲ್ಲಿ ಅವನ ಹೆಸರಿತ್ತು.

ಹೆಸರು ಬರೆಸಿದ ದಿನ ಪಟ್ಟಿ ನೋಡಿಕೊಳ್ಳುವ ದೀಪಿಕಾ ಎಂಬ ಹುಡುಗಿ ಇಬ್ಬರನ್ನೂ ಕೂರಿಸಿ ಹೇಳಿದ್ದಳು: "ಯಾವತ್ತು ಬರುತ್ತೆ ಅಂತ ಯಾರಿಗೂ ಗೊತ್ತಿರಲ್ಲ. ಬಂದ ದಿನ ನಿಮ್ಮ ನಂಬರಿಗೆ ಮಾಡ್ತೀವಿ, ಸಿಗದಿದ್ರೆ ನಿಮ್ಮ ಮನೆಯವರದ್ದಕ್ಕೆ. ಮೂರು ಸಲ ನೋಡ್ತೀವಿ. ಎರಡೂ ಸಿಗದಿದ್ರೆ ಮುಂದಿನ ಹೆಸರಿಗೆ ಹೋಗ್ಲೇಬೇಕು. ಕರೆದ ಆರು ಗಂಟೆಯೊಳಗೆ ನೀವು ಇಲ್ಲಿರಬೇಕು."

ಹೀಗಿರುವಾಗ ಆ ನಂಬರಿನ ಕಂಪನಿ ಬದಲಿಸುವ ಯೋಚನೆ ಅವನಿಗೆ ಬಂದದ್ದೇ ಒಂದು ಆಶ್ಚರ್ಯ. ಬಂದದ್ದು ಮೊಮ್ಮಗಳಿಂದ.

ಒಬ್ಬಳೇ ಮಗಳು ಜ್ಯೋತಿಲಕ್ಷ್ಮಿಯನ್ನು ಸೂರತ್ತಿನಲ್ಲಿ ನೆಲೆಸಿದ ತೆಲುಗು ನೇಕಾರರ ಮನೆಗೆ ಕೊಟ್ಟಿದ್ದರು. ತವರಲ್ಲಿ ತಂದೆಯ ಸ್ಥಿತಿ ಹೀಗೆ, ಅಲ್ಲಿ ಅತ್ತೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದವರು; ಹಾಗಾಗಿ ಅವಳ ಹೆರಿಗೆಯೂ ಅಲ್ಲೇ ಆಯಿತು. ಕೂಸು ತೇಜಶ್ರೀಗೆ ಹನ್ನೊಂದು ತಿಂಗಳು ತುಂಬಿದರೂ ತಾತ ಅದನ್ನು ದಿನಾ ವಿಡಿಯೋ ಕರೆಯಲ್ಲಿ ನೋಡಿದ್ದೇ ಹೊರತು ಮುಟ್ಟಿರಲಿಲ್ಲ. ರೈಲಿನಲ್ಲಿ ಸೂರತ್ತಿಗೆ ಹೋಗಲು ಒಂದೂವರೆ ದಿನ, ಬರಲು ಅಷ್ಟೇ. ಶುಕ್ರವಾರ ಯಂತ್ರದಿಂದ ಎದ್ದವನು ಸೋಮವಾರ ಮತ್ತೆ ಮಲಗಲೇಬೇಕು. ಅಲ್ಲಿಯೇ ಒಂದು ಸಲದ ಡಯಾಲಿಸಿಸ್‌ಗೆ ಹಾಸಿಗೆ ಸಿಗುತ್ತದೇನೋ ಎಂದು ಅಳಿಯ ರವಿಕಿರಣ್ ಮೂರು ಕಡೆ ವಿಚಾರಿಸಿದ್ದ. ಒಂದು ದಿನದ ಮಟ್ಟಿಗೆ ಹೊಸಬರನ್ನು ತೆಗೆದುಕೊಳ್ಳುವುದಿಲ್ಲ ಎಂದಿದ್ದರು.

ಒಂದು ಬುಧವಾರ ಚಳ್ಳಕೆರೆ ಬಸ್ ನಿಲ್ದಾಣದ ಎದುರಿನ ಮೊಬೈಲ್ ಅಂಗಡಿಯ ಮಾರುತಿ ಅವನನ್ನು ಕರೆದ.

"ಕೃಷ್ಣಣ್ಣ, ತರಂಗ್ ಕಂಪನಿಗೆ ಬಂದ್ಬಿಡ್ರಿ. ನಂಬರ್ ಅದೇ ಇರ್ತೈತೆ. ಒಂದು ವರ್ಷದ ರೀಚಾರ್ಜ್ ಒಟ್ಟಿಗೆ ಹಾಕಿಸಿದ್ರೆ ವಿಮಾನದ ಮೈಲು ಕೊಡ್ತಾವ್ರೆ."

"ಮೈಲು ಅಂದ್ರೆ?"

"ಪಾಯಿಂಟ್ ಇದ್ದಂಗೆ. ದಿನಾ ವಿಮಾನದಾಗೆ ಓಡಾಡೋರಿಗೆ ಕೊಡ್ತಾರಲ್ಲ, ಅದನ್ನ ಈ ಸಲ ನಮಗೂ ಕೊಡ್ತಾವ್ರೆ. ಒಂದು ನಂಬರಿನ ಮೈಲಿಗೆ ಬೆಂಗಳೂರಿಂದ ಒಂದು ಕಡೆ ಟಿಕೆಟ್ ಬರ್ತೈತೆ."

"ಸೂರತ್ತಿಗೆ?"

ಮಾರುತಿ ಮೊಬೈಲಿನಲ್ಲಿ ಊರುಗಳ ಪಟ್ಟಿ ನೋಡಿದ. "ಐತೆ. ಎರಡು ಗಂಟೆ ದಾರಿ."

"ವಾಪಸ್ ಬರೋಕೆ?"

"ಇನ್ನೊಂದು ನಂಬರ್ ತರ್ರಿ. ಮನೇಲಿ ಅಕ್ಕಾರದ್ದು ಐತಲ್ಲ."

ಎರಡು ಗಂಟೆ ಎಂಬ ಮಾತು ಕೃಷ್ಣಕುಮಾರನ ತಲೆಯಲ್ಲಿ ಕೂತುಬಿಟ್ಟಿತು. ಮಾರುತಿ ಮುಚ್ಚಿಡದೆ ಉಳಿದದ್ದನ್ನೂ ಹೇಳಿದ. ಮೈಲು ಕೈಗೆ ಬರುವುದು ತೊಂಬತ್ತು ದಿನವಾದ ಮೇಲೆ. ಅಲ್ಲಿಯವರೆಗೆ ಬೇರೆ ಕಂಪನಿಗೆ ಹೋಗುವಂತಿಲ್ಲ. ಬದಲಾಗುವ ದಿನ ಕೆಲವು ತಾಸು ಫೋನು ಸತ್ತಂತೆ ಇರುತ್ತದೆ. ಯಾವ ಹೊತ್ತಿಗೆ ಎಂದು ಖಚಿತವಾಗಿ ಹೇಳಲಾಗದು.

ಕೃಷ್ಣಕುಮಾರ್ ದುಡುಕಲಿಲ್ಲ. ಮಾರುತಿಯ ಒಂದು ತರಂಗ್ ಫೋನನ್ನು ಎರಡು ದಿನಕ್ಕೆ ಎರವಲು ತಂದ. ಬಸ್ಸಿನಲ್ಲಿ ಅದನ್ನೇ ನೋಡುತ್ತ ಬಂದ. ತಳಕು ಊರು ದಾಟಿದ ಮೇಲೆ ಸಿಗ್ನಲ್ಲಿನ ಗೆರೆಗಳು ಒಂದೊಂದಾಗಿ ಅಳಿದು ಮತ್ತೆ ಮೂಡಿದವು. ಮನೆಯ ಜಗಲಿಯ ಮೇಲೆ ಎರಡು ಗೆರೆ ಇತ್ತು, ನಡುಮನೆಯಲ್ಲಿ ಒಂದು. ಕಲ್ಲುಗೋಡೆಯ ಮಗ್ಗದ ಕೋಣೆಗೆ ಕಾಲಿಟ್ಟೊಡನೆ ಏನೂ ಇಲ್ಲ. ಹಳೆಯ ಕಂಪನಿಯ ಫೋನು ಅದೇ ಕೋಣೆಯಲ್ಲಿ ತುಂಬು ಗೆರೆ ತೋರಿಸುತ್ತಿತ್ತು.

ಆ ಮನೆಯಲ್ಲಿ ಮಾತು ತೆಲುಗು, ಬೀದಿಯಲ್ಲಿ ಕನ್ನಡ, ಜಗಳ ಬಂದರೆ ಎರಡೂ. ಅಂದು ಎರಡೂ ಆದವು.

"ಏಮಂಡಿ, ನಿಮಗೆ ಬುದ್ಧಿ ನೆಟ್ಟಗೈತಾ?" ಎಂದಳು ಪುಷ್ಪಾ. "ನಾಲ್ಕು ವರ್ಷದಿಂದ ಒಂದು ಫೋನಿಗೆ ಕಾಯ್ತಾ ಇದೀವಿ. ಅದು ಬಾರದ ಕಂಪನಿಗೆ ಹೋಗ್ತೀನಿ ಅಂತೀರಲ್ಲ."

"ಬಾರದೇ ಏನು. ಜಗಲಿ ಮೇಲೆ ಬರ್ತೈತೆ."

"ನೀವು ನೇಯೋದು ಜಗಲಿ ಮೇಲಾ?"

ಅವನು ಊಟವಾದ ಮೇಲೆ ಮೆಲ್ಲಗೆ, "ಇನ್ನೆಷ್ಟು ವರ್ಷ ಕಾಯೋದು ಪುಷ್ಪಾ? ನಾನು ಇರೋದ್ರೊಳಗೆ ಒಂದು ಸಲ ಎತ್ಕೊಬೇಕು" ಎಂದ. ಇಂಥ ಮಾತನ್ನು ಅವನು ಯಾವತ್ತೂ ಆಡಿದವನಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಅವಳ ನಂಬರನ್ನು ಮಾತ್ರ ತರಂಗಿಗೆ ಕೊಡುವುದು, ಅವನದ್ದನ್ನು ಮುಟ್ಟುವುದು ಬೇಡ. ಇನ್ನೊಂದು ಕಡೆಯ ಟಿಕೆಟನ್ನು ಹೇಗಾದರೂ ಹೊಂದಿಸಿದರಾಯಿತು.

ಸೋಮವಾರ ಅವಳ ಫೋನನ್ನೂ ತೆಗೆದುಕೊಂಡು ಚಳ್ಳಕೆರೆಗೆ ಹೋದ. ಸಿಮ್ಮು ಎರಡೂ ಅವನ ಹೆಸರಲ್ಲೇ ಇದ್ದವು. ಅಂಗಡಿಯಲ್ಲಿ ಮಾರುತಿ ಅವಳ ನಂಬರಿನ ಕೆಲಸ ಮುಗಿಸಿ, "ಇದೊಂದೇನಾ ಅಣ್ಣ?" ಎಂದ. ಕೃಷ್ಣಕುಮಾರ್ ಬಹಳ ಹೊತ್ತು ಬಸ್‌ ನಿಲ್ದಾಣದ ಕಡೆ ನೋಡುತ್ತ ನಿಂತ. ಆಮೇಲೆ ತನ್ನ ಫೋನನ್ನೂ ಮೇಜಿನ ಮೇಲಿಟ್ಟ. ಮನೆಯಲ್ಲಿ ಹೇಳಲಿಲ್ಲ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಪುಷ್ಪಾಳ ಫೋನು ಸುಮ್ಮನಾಯಿತು. ಗೊತ್ತಿದ್ದ ವಿಷಯ, ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಹತ್ತೂವರೆಗೆ ಗಂಡನಿಗೆ ಗಂಜಿ ಕೊಡಲು ಮಗ್ಗದ ಕೋಣೆಗೆ ಹೋದಾಗ ಅವನು ಲಾಳಿ ಬಿಟ್ಟು ಫೋನನ್ನೇ ದಿಟ್ಟಿಸುತ್ತಿದ್ದ. ಅವಳು ಬಗ್ಗಿ ನೋಡಿದಳು. ಅಲ್ಲೂ ಗೆರೆಗಳಿರಲಿಲ್ಲ.

"ನಿಮ್ಮದೂ ಕೊಟ್ರಾ?"

ಪುಷ್ಪಾ ಗಂಜಿಯ ಲೋಟವನ್ನು ನೆಲದ ಮೇಲಿಟ್ಟು, ಆಸ್ಪತ್ರೆಯ ನಂಬರು ಬರೆದಿದ್ದ ಚೀಟಿ ಹಿಡಿದು ಪಕ್ಕದ ಮನೆಗೆ ಓಡಿದಳು. ಚಿತ್ತಮ್ಮ ಅರವತ್ತು ದಾಟಿದ ಒಂಟಿ ಹೆಂಗಸು, ಬೀದಿಯ ಮಗ್ಗಗಳಿಗೆ ಲಾಳಿಯೊಳಗಿನ ನೂಲಿನ ಕಂಡಿಕೆ ಸುತ್ತಿ ಬದುಕುವವಳು. ಅವಳ ಹಳೆಯ ಕಂಪನಿಯ ಫೋನಿನಿಂದ ದೀಪಿಕಾಗೆ ಮಾಡಿದರೆ ಲೈನು ಬಿಡುವಿಲ್ಲ. ಮತ್ತೆ ಮಾಡಿದಳು. ಮೂರನೇ ಸಲವೂ ಅದೇ. ಕೊನೆಗೆ ಚಿತ್ತಮ್ಮನೇ ಫೋನು ಇಸಕೊಂಡು ಒತ್ತತೊಡಗಿದಳು. ಹನ್ನೊಂದು ಗಂಟೆಗೆ ಲೈನು ಸಿಕ್ಕಿತು.

"ಎಲ್ಲಿದ್ದೀರಿ ನೀವು?" ದೀಪಿಕಾಳ ದನಿ ಗಟ್ಟಿಯಾಗಿತ್ತು. "ಎರಡು ಸಲ ಮಾಡಿದೆ, ಎರಡೂ ನಂಬರ್ ಆಫ್. ಇನ್ನೊಂದು ಸಲ ನೋಡಿ ಮುಂದಿನವರಿಗೆ ಹೋಗೋಳಿದ್ದೆ. ಕಿಡ್ನಿ ಬಂದಿದೆ. ನಿಮ್ಮವರದ್ದು ಎರಡನೇ ಹೆಸರು. ಮೊದಲನೆಯವರಿಗೆ ಪರೀಕ್ಷೆ ನಡೀತಿದೆ, ಅವರಿಗೆ ಹೊಂದದಿದ್ರೆ ನಿಮಗೆ. ಏನೂ ತಿನ್ನಿಸಬೇಡಿ, ತಕ್ಷಣ ಹೊರಡಿ."

ಪುಷ್ಪಾ ಹಿಂದಿರುಗಿ ಓಡಿದಳು. ಗಂಜಿಯ ಲೋಟ ಇಟ್ಟಲ್ಲೇ ಇತ್ತು, ಅವನು ಮುಟ್ಟಿರಲಿಲ್ಲ.

ಬೀದಿಯ ಕೊನೆಯ ಜಂಬುಲಿಂಗಪ್ಪ ತನ್ನ ಕಾರು ತೆಗೆದ. ಚಿತ್ತಮ್ಮ ತನ್ನ ಫೋನನ್ನು ಪುಷ್ಪಾಳ ಕೈಗಿಟ್ಟು, "ನನಗ್ಯಾರು ಮಾಡ್ತಾರೆ, ತಗೊಂಡು ಹೋಗು" ಎಂದಳು. ಕಾರಿನಲ್ಲಿ ಪುಷ್ಪಾ ಆ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಹಿರಿಯೂರಿನ ಹತ್ತಿರ ಕೃಷ್ಣಕುಮಾರ್ ಬಾಯಿಬಿಟ್ಟ.

"ಹೋಗೋಕೆ ಟಿಕೆಟ್ ಸಿಕ್ಕಿ ಬರೋಕೆ ಸಿಗದಿದ್ರೆ ಅಂತ…"

"ಈಗ ಮಾತಾಡಬೇಡ್ರಿ," ಎಂದಳು. "ಈಗ ಮಾತಾಡಿದ್ರೆ ನಾನು ಏನಂತೀನೋ ನನಗೇ ಗೊತ್ತಿಲ್ಲ."

ಜಂಬುಲಿಂಗಪ್ಪ ಹಿಂತಿರುಗಿ ನೋಡದೆ ಕಾರನ್ನು ಇನ್ನಷ್ಟು ಓಡಿಸಿದ. ಶಿರಾ ಬಂದಾಗ ಫೋನು ಹೊಡೆದುಕೊಂಡಿತು. ಪುಷ್ಪಾ ಕಿವಿಗಿಟ್ಟುಕೊಂಡು, "ಹ್ಞೂಂ… ಹ್ಞೂಂ ಮೇಡಂ" ಎಂದಷ್ಟೇ ಹೇಳಿ ಇಳಿಸಿದಳು. ಮೊದಲನೆಯವರಿಗೆ ಹೊಂದಿತ್ತು. ಅವರನ್ನು ಒಳಗೆ ಕರೆದುಕೊಂಡು ಹೋಗಿದ್ದರು. ಕಾರು ರಸ್ತೆ ಬದಿಗೆ ನಿಂತಿತು. ಕೃಷ್ಣಕುಮಾರ್ ಇಳಿದು ಬೇಲಿಯ ಕಡೆ ಮುಖ ಮಾಡಿ ನಿಂತ. ಅವನ ಬೆನ್ನು ಅಲುಗುವುದು ಕಾಣುತ್ತಿತ್ತು. ಪುಷ್ಪಾ ಇಳಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕಿಟಕಿಯಿಂದ ನೀರಿನ ಬಾಟಲಿ ಚಾಚಿ, "ಒಂದು ಗುಟುಕು ಕುಡೀರಿ, ಜಾಸ್ತಿ ಬೇಡ" ಎಂದಳು.

ಆಮೇಲಿನ ತೊಂಬತ್ತು ದಿನವನ್ನು ಆ ಬೀದಿಯವರು ಮರೆತಿಲ್ಲ. ಚಿತ್ತಮ್ಮನ ನಂಬರನ್ನು ಆಸ್ಪತ್ರೆಯಲ್ಲಿ ಮೂರನೆಯದಾಗಿ ಬರೆಸಿದರು. ಅವಳು ಫೋನನ್ನು ಸೊಂಟದ ಚೀಲದಲ್ಲಿ ಕಟ್ಟಿಕೊಂಡೇ ಓಡಾಡಿದಳು. ದೇವಸಮುದ್ರದ ಆಚೆ ಒಂದು ಹಳ್ಳಿಯಲ್ಲಿ ಅಣ್ಣನ ಮಗನ ಮದುವೆ ಇತ್ತು. ಅಲ್ಲಿ ಸಿಗ್ನಲ್ ಇರುವುದಿಲ್ಲವೆಂದು ಹೋಗಲೇ ಇಲ್ಲ. ಕೃಷ್ಣಕುಮಾರನ ಫೋನನ್ನು ಜಗಲಿಯ ಕಿಟಕಿ ಸರಳಿಗೆ ಕಟ್ಟಿ, ಅದರ ಕೆಳಗೆ ಪುಷ್ಪಾ ರೇಷ್ಮೆ ಸುತ್ತುತ್ತ ಕೂರುತ್ತಿದ್ದಳು. ಗೊತ್ತಿಲ್ಲದ ನಂಬರಿಂದ ಕರೆ ಬಂದಾಗಲೆಲ್ಲ ಒಳಗೆ ಮಗ್ಗದ ಸದ್ದು ನಿಂತುಹೋಗುತ್ತಿತ್ತು. ಸಾಲ ಬೇಕೇ ಎಂದು ಕೇಳುವವರು, ನಿವೇಶನ ಮಾರುವವರು. ಪುಷ್ಪಾ "ಅಲ್ಲ" ಎಂದು ಕೂಗಿ ಹೇಳಿದ ಮೇಲೆ ಮತ್ತೆ ಲಾಳಿ ಓಡುತ್ತಿತ್ತು. ಗಂಡನನ್ನು ಅವಳು ಬೈಯಲಿಲ್ಲ, ಆದರೆ ಅವನು ಚಳ್ಳಕೆರೆಗೆ ಹೋಗುವಾಗ ಒಂದು ದಿನವೂ ಒಬ್ಬನನ್ನೇ ಕಳಿಸಲಿಲ್ಲ.

ಮೈಲು ಬಂದವು. ಟಿಕೆಟು ತೆಗೆಸುವ ಮೊದಲು ಅವನು ದೀಪಿಕಾಗೆ ಫೋನು ಮಾಡಿದ. ಈ ಸಲ ಪುಷ್ಪಾ ಪಕ್ಕದಲ್ಲೇ ಇದ್ದಳು.

"ಸೂರತ್‌ನಿಂದ ಆರು ಗಂಟೆಯೊಳಗೆ ನೀವು ಬರ್ತೀರಿ ಅಂತ ನಾನು ನಂಬೋಕಾಗಲ್ಲ ಸರ್," ಎಂದಳು ದೀಪಿಕಾ. "ಶನಿವಾರ, ಭಾನುವಾರ ನಿಮ್ಮ ಹೆಸರನ್ನ ತಡೆದಿಡಬೇಕಾಗುತ್ತೆ. ನಿಮ್ಮ ಸರದಿ ಕಳೆದುಹೋಗಲ್ಲ. ಆದರೆ ಆ ಎರಡು ದಿನ ಬಂದದ್ದು ನಿಮಗಲ್ಲ. ಯೋಚನೆ ಮಾಡಿ ಹೇಳಿ."

ಕೃಷ್ಣಕುಮಾರ್ ಹೆಂಡತಿಯ ಮುಖ ನೋಡಿದ. ಶಿರಾದಿಂದ ವಾಪಸಾದ ದಿನದಿಂದ ಯಾವುದನ್ನೂ ಅವಳನ್ನು ಕೇಳದೆ ಮಾಡುವುದಿಲ್ಲವೆಂದು ಅವನು ನಿರ್ಧರಿಸಿದ್ದ. ಅವಳು ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು.

"ನಾಲ್ಕು ವರ್ಷದಾಗೆ ಅವರು ಕರೆದದ್ದು ಒಂದೇ ಸಲ," ಎಂದಳು. "ಆ ಕೂಸು ದಿನಾ ಕರೀತೈತೆ. ಹೋಗಿ ಬರ್ರಿ."

ಶುಕ್ರವಾರ ಡಯಾಲಿಸಿಸ್ ಮುಗಿಸಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋದ. ಶನಿವಾರ ಬೆಳಿಗ್ಗೆ ಮೊದಲ ಸಲ ವಿಮಾನ ಹತ್ತಿದ. ಫೋನು ಆಫ್ ಮಾಡಿ ಎಂದಾಗ ಗುಂಡಿಯ ಮೇಲೆ ಬೆರಳಿಟ್ಟು ಎಷ್ಟು ಹೊತ್ತು ಕೂತಿದ್ದನೆಂದರೆ, ಪಕ್ಕದ ಸೀಟಿನವರು ಆಫ್ ಮಾಡುವುದು ತಿಳಿಯದೇನೋ ಎಂದುಕೊಂಡು ಸಹಾಯಕ್ಕೆ ಬಂದರು.

ತೇಜಶ್ರೀ ಅವನನ್ನು ಕಂಡು ಮೊದಲು ಹೋ ಎಂದು ಅತ್ತಿತು. ಸಂಜೆಯ ಹೊತ್ತಿಗೆ ತಾನಾಗಿ ಬಂದು ಮಡಿಲೇರಿ, ಅವನ ಕೆನ್ನೆಯ ಮೇಲೆ ಬೆರಳಿಟ್ಟು ಮೊಬೈಲ್ ಪರದೆ ಸರಿಸುವಂತೆ ಪಕ್ಕಕ್ಕೆಳೆಯಿತು. ಜ್ಯೋತಿಲಕ್ಷ್ಮಿ ಅಪ್ಪನನ್ನು "ನಾನ್ನಾ" ಎಂದು ಕರೆದವಳು ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದಳು. ಕೃಷ್ಣಕುಮಾರ್ ಕೂಸನ್ನು ರಾತ್ರಿಯ ಊಟದವರೆಗೂ ಇಳಿಸಲಿಲ್ಲ.

ಭಾನುವಾರ ಮಧ್ಯಾಹ್ನಕ್ಕೆ ಕಾಲು ಊದಿ ಚಪ್ಪಲಿಗೆ ಹಿಡಿಸಲಿಲ್ಲ. ವಾಪಸು ವಿಮಾನದಲ್ಲಿ ಉಸಿರು ಸಾಲದೆ ಮುಂದಿನ ಸೀಟಿಗೆ ಹಣೆ ಹಚ್ಚಿ ಕೂತ. ಗಗನಸಖಿ ಎರಡು ಸಲ ಬಂದು, ಇಳಿದ ಕೂಡಲೇ ವೈದ್ಯರು ಬೇಕೇ ಎಂದು ವಿಚಾರಿಸಿದಳು. ಅವನು ಬೇಡವೆಂದು ಕೈ ಆಡಿಸಿದ. ಬೆಂಗಳೂರಿನಲ್ಲಿ ಜಂಬುಲಿಂಗಪ್ಪನ ಕಾರಿನೊಳಗೆ ಪುಷ್ಪಾ ಕಾಯುತ್ತಿದ್ದಳು. ಸೀಟು ಹಿಂದಕ್ಕೆ ಒರಗಿಸಿದರೆ ಉಸಿರು ಕಟ್ಟುತ್ತಿತ್ತು. ದಾರಿಯುದ್ದಕ್ಕೂ ಅವಳ ಭುಜ ಹಿಡಿದು ನೆಟ್ಟಗೆ ಕೂತೇ ಬಂದ. ಸೋಮವಾರ ಬೆಳಗಿನ ಆರಕ್ಕೆ ಚಳ್ಳಕೆರೆಯಲ್ಲಿ ಸೂಜಿ ಚುಚ್ಚಿಸಿಕೊಂಡಾಗ, ಇಷ್ಟೊಂದು ನೀರು ತುಂಬಿಸಿಕೊಂಡು ಬಂದದ್ದಕ್ಕೆ ನರ್ಸಮ್ಮ ಬೈದರು.

ಒಂದು ತಾಸು ಕಳೆದು ಉಸಿರು ಹಗುರಾದ ಮೇಲೆ, ಮಲಗಿದ್ದಲ್ಲಿಂದಲೇ ದೀಪಿಕಾಗೆ ಫೋನು ಮಾಡಿ ತಾನು ಬಂದೆನೆಂದು ತಿಳಿಸಿದ. ಅವಳು ಹೆಸರನ್ನು ಮತ್ತೆ ಪಟ್ಟಿಗೆ ಹಾಕಿದ್ದಾಗಿ ಹೇಳಿದಳು.

"ಮೇಡಂ, ಆ ಎರಡು ದಿನದಾಗೆ ಏನಾದ್ರೂ…"

"ಅದನ್ನ ಕೇಳಬೇಡಿ ಸರ್," ಎಂದಳು ದೀಪಿಕಾ.

ಪಕ್ಕದಲ್ಲಿದ್ದ ಪುಷ್ಪಾ, ಅವರು ಏನಂದರು ಎಂದು ವಿಚಾರಿಸಿದಳು. ಹೆಸರು ಮತ್ತೆ ಹಾಕಿದ್ದಾರಂತೆ ಎಂದಷ್ಟೇ ಹೇಳಿ, ಅವಳಿಗೆ ಕೂಸಿನ ಫೋಟೋ ತೋರಿಸಲು ಶುರುಮಾಡಿದ.